ರಾಜಕುಮಾರನ ಅರಮನೆಯಲ್ಲಿ ಪಾತ್ರೆ ತಿಕ್ಕುವವರು ಯಾರು?

ನಮ್ಮ ವಾಚನಾಲಯದ ಕಪಾಟಿನಲ್ಲಿ ಈಚೆಗೆ ಬಂದು ಕುಳಿತಿರುವ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳ ವಿಚಾರವಾಗಿ ಕೆಲವು ಸಂಗಾತಿಗಳು ಆಕ್ಷೇಪವೆತ್ತಿದ್ದಾರೆ. ಹೊದಿಕೆಯ ಮೇಲೆ ಹೊಂಬಣ್ಣದ ಅಕ್ಷರ, ಕತ್ತಿ, ಕಿರೀಟ, ರೆಕ್ಕೆ ಬಿಚ್ಚಿದ ಡ್ರ್ಯಾಗನ್. ಒಳಗೆ ನೂರಾರು ಪುಟದುದ್ದ ಪ್ರಣಯ, ಮಾಟ, ಯುದ್ಧ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ತಾವು ಓದಿ ಮುಗಿಸಿ, ಇನ್ನೊಬ್ಬರು ಓದಲಿ ಎಂದು ತಂದುಕೊಟ್ಟ ಪುಸ್ತಕಗಳು ಇವು. ಲೋಹಿಯಾ ಅವರ ಭಾಷಣಗಳ ಪಕ್ಕದಲ್ಲಿ ಈ ಕಸವೇಕೆ, ತೆಗೆದುಹಾಕಿ ಎಂಬ ಸೂಚನೆ ಈಗ ಸಮಿತಿಯ ಮುಂದಿದೆ. ಸೂಚನೆ ತಂದ ಮೂವರಲ್ಲಿ ಒಬ್ಬರೂ ಇವುಗಳ ಒಂದು ಪುಟವನ್ನಾದರೂ ಮಗುಚಿದವರಲ್ಲ. ಓದದೆ ತೀರ್ಪು ಕೊಡುವ ಕೆಲಸ ಸಮಾಜವಾದಿಗಳದ್ದಲ್ಲವೆಂದು ನಾವು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಅವುಗಳಲ್ಲಿ ಮುಖ್ಯವಾದ ಕೆಲವನ್ನು ಓದಿದೆವು. ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಹೇಳುತ್ತೇವೆ.

ಹೆಂಗಸರು ಓದುವ ಪುಸ್ತಕವೆಂದ ಕೂಡಲೆ ಮೂಗು ಮುರಿಯುವುದು ನಮ್ಮಲ್ಲಿ ಹಳೆಯ ಚಾಳಿ. ತ್ರಿವೇಣಿಯವರು ‘ಶರಪಂಜರ’ ಬರೆದ ಕಾಲದಲ್ಲಿಯೂ ಹೆಂಗಸರ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ ಎಂದು ತಳ್ಳಿಹಾಕುವ ದೊಡ್ಡವರಿದ್ದರು. ಹೆರಿಗೆಯ ನಂತರ ಬುದ್ಧಿ ಕದಡಿದ ಹೆಣ್ಣನ್ನು ಗಂಡನೂ ಬಂಧುಬಳಗವೂ ಹೇಗೆ ನಡೆಸಿಕೊಳ್ಳುತ್ತಾರೆಂದು ಆಕೆ ಬರೆದಷ್ಟು ನೇರವಾಗಿ ಬರೆದವರು ಆ ದೊಡ್ಡವರಲ್ಲಿ ಎಷ್ಟು ಮಂದಿ? ಹಾಗೆಂದು ಹೆಂಗಸರು ಓದುತ್ತಾರೆ ಎಂಬ ಕಾರಣಕ್ಕೇ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಯೂ ಇಲ್ಲ. ನಮ್ಮದು ಸರಳವಾದ ಅಳತೆ. ಈ ಕಥೆಯ ಲೋಕದಲ್ಲಿ ದುಡಿಯುವವರು ಯಾರು, ಕೂತು ಉಣ್ಣುವವರು ಯಾರು? ನಾಯಕಿಗೆ ಬಿಡುಗಡೆ ಸಿಕ್ಕಿದಾಗ ಅವಳ ಜೊತೆಗೆ ಇನ್ನೊಬ್ಬರಿಗಾದರೂ ಸಿಗುತ್ತದೆಯೋ?

ಈ ಅಳತೆಯಲ್ಲಿ ತೀರ ಕಡಮೆ ತೂಗಿದ್ದು ‘ಟ್ವಿಲೈಟ್’. ಅಮೆರಿಕದ ಸ್ಟೆಫನಿ ಮೇಯರ್ 2005ರಲ್ಲಿ ಪ್ರಕಟಿಸಿದ ಕಥೆ. ಹದಿನೇಳರ ಹುಡುಗಿ ಬೆಲ್ಲಾ ಪ್ರೀತಿಸುವುದು ಎಡ್ವರ್ಡ್ ಎಂಬ ರಕ್ತಪಿಪಾಸುವನ್ನು. ಅವನು ಹುಟ್ಟಿದ್ದು 1901ರಲ್ಲಿ. ನೋಡಲು ಮಾತ್ರ ಹದಿನೇಳರ ಚೆಲುವ. ಅವನು ಅವಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ನುಗ್ಗಿ ಅವಳು ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ. ಮುಂದಿನ ಭಾಗವೊಂದರಲ್ಲಿ, ಅವಳು ಗೆಳೆಯನನ್ನು ನೋಡಲು ಹೋಗಬಾರದೆಂದು ಅವಳ ಗಾಡಿಯ ಎಂಜಿನ್ನಿನ ಭಾಗವನ್ನೇ ಬಿಚ್ಚಿಡುತ್ತಾನೆ. ಇದನ್ನು ಪ್ರೇಮವೆಂದು ಓದಬೇಕಂತೆ! ಇದೇ ಕೆಲಸವನ್ನು ನಮ್ಮ ಬಸ್ ನಿಲ್ದಾಣದ ಪೋಕರಿಯೊಬ್ಬ ಮಾಡಿದರೆ ಹುಡುಗಿಯ ಅಣ್ಣಂದಿರು ಏನು ಮಾಡಿಯಾರೆಂದು ಹೇಳಬೇಕಾಗಿಲ್ಲ. ಆ ಕುಟುಂಬದ ಸಂಪತ್ತಿನ ಗುಟ್ಟೂ ಸ್ವಾರಸ್ಯವಾಗಿದೆ: ಮನೆಯ ಹುಡುಗಿಯೊಬ್ಬಳಿಗೆ ಭವಿಷ್ಯ ಕಾಣುತ್ತದೆ, ಆದ್ದರಿಂದ ಷೇರುಪೇಟೆಯಲ್ಲಿ ಸೋಲೆಂಬುದೇ ಇಲ್ಲ. ರಕ್ತ ಹೀರುವವರೂ ಷೇರುದಾರರೂ ಒಂದೇ ಮನೆಯವರೆಂದು ಲೇಖಕಿ ತಿಳಿದು ಬರೆದರೋ ತಿಳಿಯದೆ ಬರೆದರೋ, ನಮಗಂತೂ ನಗು ಬಂತು. ಸಾವಿತ್ರಿಗಿಂತ ದ್ರೌಪದಿ ಮೇಲೆಂದು ಲೋಹಿಯಾ ವಾದಿಸಿದ್ದುದು ನಮ್ಮ ಓದುಗರಿಗೆ ತಿಳಿದದ್ದೇ. ಬೆಲ್ಲಾ ಸಾವಿತ್ರಿಯ ವಂಶದವಳು. ತುಂಬಿದ ಸಭೆಯಲ್ಲಿ ಒಂದು ಪ್ರಶ್ನೆ ಕೇಳುವ ಹುಡುಗಿಯಲ್ಲ.

ಈಗ ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಹೋಗಿ ಬೆನ್ನು ಕಿತ್ತುಹೋಗಿರುವ ಪುಸ್ತಕ ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’, 2015ರದ್ದು. ಇದರ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ನಾಯಕಿ ಫೇರಾ ಹತ್ತೊಂಬತ್ತರ ಹುಡುಗಿ. ವ್ಯಾಪಾರದಲ್ಲಿ ಮುಳುಗಿ ಕಾಲು ಮುರಿಸಿಕೊಂಡು ಮೂಲೆ ಸೇರಿದ ತಂದೆ, ಇಬ್ಬರು ಅಕ್ಕಂದಿರು. ಅವರ ಹೊಟ್ಟೆ ತುಂಬಿಸಲು ಚಳಿಗಾಲದ ಕಾಡಿನಲ್ಲಿ ಬಿಲ್ಲು ಹಿಡಿದು ಅಲೆಯುವವಳು ಇವಳೊಬ್ಬಳೇ. ಮನೆ ನಡೆಸುವ ಹೆಣ್ಣಿಗೆ ಮನೆಯಲ್ಲಿ ಬೆಲೆಯಿಲ್ಲವೆಂಬುದು ಮೊದಲ ಅಧ್ಯಾಯಗಳಲ್ಲೇ ಚೆನ್ನಾಗಿ ಬಂದಿದೆ. ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ನಾಟಿತು. ಫೇರಾಗೆ ಓದು ಬಾರದು. ಮುಂದೆ ಅವಳ ಜೀವವೇ ಪಣವಾಗಿರುವ ಪರೀಕ್ಷೆಯೊಂದರಲ್ಲಿ ಗೋಡೆಯ ಮೇಲೆ ಬರೆದದ್ದನ್ನು ಓದಿ ಸರಿಯಾದ ಸನ್ನೆ ಎಳೆಯಬೇಕು. ಅಕ್ಷರಗಳ ಮುಂದೆ ನಿಂತು ಅವಳು ಒದ್ದಾಡುತ್ತಾಳೆ. ಕೆಲವು ವರ್ಷ ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿಸಿದ ನಮಗೆ ಆ ಪುಟಗಳಲ್ಲಿ ಮಾಟವೇನೂ ಕಾಣಲಿಲ್ಲ. ಬ್ಯಾಂಕಿನ ಕಿಟಕಿಯ ಮುಂದೆ ಕಾಗದ ಹಿಡಿದು, ಓದಿ ಹೇಳುವವರು ಯಾರಾದರೂ ಬಂದಾರೆಯೇ ಎಂದು ಕಾಯುವ ತಾಯಂದಿರು ಕಂಡರು.

ಅದರ ಎರಡನೆಯ ಭಾಗದಲ್ಲಿ, ಅಂದರೆ 2016ರ ‘ಎ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ’ಯಲ್ಲಿ, ಒಂದು ಪ್ರಸಂಗವಿದೆ. ಸಾಗರ ತಾಲ್ಲೂಕಿನ ಕಡೆಯ ಓದುಗರು ಕಿವಿಗೊಟ್ಟು ಕೇಳಬೇಕು. ಯಕ್ಷಜಾತಿಯ ಒಡೆಯ ಟಾಮ್ಲಿನ್ ತನ್ನ ಸೀಮೆಯ ಪ್ರಜೆಗಳಿಂದ ಕಪ್ಪ ವಸೂಲು ಮಾಡಲು ಕುಳಿತಿದ್ದಾನೆ. ನೀರಿನಲ್ಲಿ ವಾಸಿಸುವ ಬಡಪಾಯಿ ಹೆಣ್ಣೊಬ್ಬಳು ಬಂದು, ಕೆರೆಯಲ್ಲಿ ಮೀನು ಉಳಿದಿಲ್ಲ, ಕೊಡಲು ಏನೂ ಇಲ್ಲ ಎನ್ನುತ್ತಾಳೆ. ಒಡೆಯ ಬಗ್ಗುವುದಿಲ್ಲ. ಒಬ್ಬಳಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆಂಬುದು ಅವನ ವಾದ. ಗೇಣಿ ಅಳೆಯುವ ಕೊಳಗದ ವಿಚಾರದಲ್ಲಿ 1951ರಲ್ಲಿ ಕಾಗೋಡಿನ ರೈತರು ಕೇಳಿದ್ದು ಇದೇ ಧಾಟಿಯ ಉತ್ತರವನ್ನು! ಒಡೆಯರೆಲ್ಲ ಒಂದೇ ಪಾಠಶಾಲೆಯಲ್ಲಿ ಕಲಿತವರೋ ಏನೋ. ಆಗ ಫೇರಾ ಏನು ಮಾಡುತ್ತಾಳೆ? ಮೈಮೇಲಿನ ಒಡವೆ ಬಿಚ್ಚಿ ಆ ಹೆಣ್ಣಿಗೆ ಕೊಡುತ್ತಾಳೆ, ಒಡೆಯನ ಕೋಪಕ್ಕೆ ಗುರಿಯಾಗುತ್ತಾಳೆ. ಇಲ್ಲಿಯವರೆಗೆ ನಾವು ಚಪ್ಪಾಳೆ ತಟ್ಟಿದೆವು.

ಆದರೆ ಮುಂದೇನಾಯಿತು? ಒಡವೆ ಕೊಟ್ಟದ್ದರಿಂದ ಒಬ್ಬಳ ಬಾಕಿ ತೀರಿತು, ಕಪ್ಪ ನಿಲ್ಲಲಿಲ್ಲ. ಉಳಿದ ಪ್ರಜೆಗಳ ಸುದ್ದಿಯನ್ನು ಕಥೆ ಅಲ್ಲಿಗೇ ಕೈಬಿಡುತ್ತದೆ. ಆ ಹೆಣ್ಣಿನ ಬಳಗದವರು ಮತ್ತೊಮ್ಮೆ ಬರುವುದು, ನಾಯಕಿ ನೀರಿನಲ್ಲಿ ಮುಳುಗುತ್ತಿರುವಾಗ ಬದುಕಿಸಿ ಋಣ ತೀರಿಸಲು. ಬಡವರು ಈ ಕಥೆಯಲ್ಲಿ ಇರುವುದು ಉಪಕಾರಸ್ಮರಣೆಗೆ ಮಾತ್ರ. ಫೇರಾ ಟಾಮ್ಲಿನ್ನನ ಮನೆಯಿಂದ ಬಿಡುಗಡೆ ಹೊಂದುತ್ತಾಳೆ ನಿಜ, ಹೊಂದಿ ಹೋಗುವುದೆಲ್ಲಿಗೆ? ರೈಸಾಂಡ್ ಎಂಬ ಇನ್ನೂ ದೊಡ್ಡ ಒಡೆಯನ ಮನೆಗೆ. ಇವನು ಸಭ್ಯ, ಅವಳಿಗೆ ಓದು ಕಲಿಸುತ್ತಾನೆ, ತನಗೆ ಸರಿಸಮನಾದ ಪಟ್ಟವನ್ನೂ ಕೊಡುತ್ತಾನೆ. ವಯಸ್ಸು ಐನೂರು ದಾಟಿದೆ. ನಮ್ಮೂರಿನಲ್ಲಿ ಐವತ್ತರ ವಿಧುರನೊಬ್ಬ ಹತ್ತೊಂಬತ್ತರ ಹುಡುಗಿಯನ್ನು ಕೇಳಿದರೆ ಊರೆಲ್ಲ ಉಗಿಯುತ್ತದೆ. ಒಂದು ಸೊನ್ನೆ ಹೆಚ್ಚಾದ ಮಾತ್ರಕ್ಕೆ ಅದು ಪ್ರಣಯವಾಯಿತು! ಅವನ ಮನೆಯಲ್ಲೂ ನಾಯಕಿಗೆ ಬಟ್ಟೆ ತೊಡಿಸಿ ತಲೆ ಬಾಚಲು ಇಬ್ಬರು ಅವಳಿ ಹೆಂಗಸರಿದ್ದಾರೆ. ಅವರಿಗೆ ಎಷ್ಟು ಸಂಬಳ, ವಾರಕ್ಕೆ ರಜೆಯುಂಟೋ, ಅವರಿಗೂ ಪ್ರಣಯವೆಂಬುದು ಬಂದೀತೋ ಎಂದು ನಾವು ಪುಟ ತಿರುವಿದ್ದೇ ಬಂತು. ಕೆಟ್ಟ ಒಡೆಯನ ಬದಲು ಒಳ್ಳೆಯ ಒಡೆಯ ಎಂಬಲ್ಲಿಗೆ ಲೇಖಕಿಯ ಕಲ್ಪನೆಯ ರೆಕ್ಕೆ ಮುದುಡುತ್ತದೆ. ಮಾಟದ ಬಲದಿಂದ ಪರ್ವತವನ್ನು ಪುಡಿಮಾಡಬಲ್ಲ ಲೋಕದಲ್ಲಿ ಒಡೆತನ ಮಾತ್ರ ಅಲುಗದ ವಸ್ತು.

ಇದನ್ನು ಓದುವ ನಮ್ಮ ಹುಡುಗಿಯರಿಗೆ ಇದು ತಿಳಿಯದೆಂದು ಯಾರೂ ಭಾವಿಸಬೇಕಾಗಿಲ್ಲ. ಪುಸ್ತಕ ತಂದುಕೊಟ್ಟವಳನ್ನೇ ಆ ಕಪ್ಪದ ಪ್ರಸಂಗದ ಬಗ್ಗೆ ಕೇಳಿದೆವು. “ಸಾರ್, ನಮ್ಮಮ್ಮ ಪ್ರತಿ ಮಂಗಳವಾರ ಸಂಘದ ಕಂತು ಕಟ್ಟುತ್ತಾರಲ್ಲ, ಅದೇ ಇದು” ಎಂದಳು. ಸಾಲ ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟು ಹೋಗುವ ಸುದ್ದಿಗಳು ಹೆಚ್ಚಿದ ಮೇಲೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮಂಗಳವಾರದ ಕಂತನ್ನು ಕಂಡ ಹುಡುಗಿಗೆ ಯಕ್ಷರ ಕಪ್ಪ ಅರ್ಥವಾಗಲು ಅಧ್ಯಯನ ಶಿಬಿರ ಬೇಡ.

ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ 2023ರದ್ದು. ಡ್ರ್ಯಾಗನ್ ಸವಾರಿ ಕಲಿಸುವ ಸೈನಿಕ ಶಾಲೆ, ಅಲ್ಲಿ ದಿನಕ್ಕೊಂದು ಹೆಣ. ಬರವಣಿಗೆ ಒರಟು, ಪ್ರತಿ ಹತ್ತು ಪುಟಕ್ಕೊಮ್ಮೆ ನಾಯಕನ ತೋಳು, ಎದೆಗಳ ವರ್ಣನೆ ಬಂದು ಯುದ್ಧವನ್ನು ನಿಲ್ಲಿಸಿಬಿಡುತ್ತದೆ. ಆದರೂ ಎರಡು ಮಾತು ಇದರ ಪರವಾಗಿ ಹೇಳಬೇಕು. ನಾಯಕಿ ವಯಲೆಟ್ ಸದಾ ಕೀಲುನೋವಿನಿಂದ ನರಳುವ ದುರ್ಬಲ ಮೈಯವಳು. ಅಂಥವಳನ್ನು ಸೈನಿಕಳಾಗಿ ನಿಲ್ಲಿಸಿದ್ದು ಒಳ್ಳೆಯದೇ. ಎರಡನೆಯದಾಗಿ, ರಾಜ್ಯವು ತನ್ನ ದಫ್ತರಗಳನ್ನೇ ತಿದ್ದಿ, ಗಡಿಯಾಚೆಗಿನ ನಿಜವನ್ನು ಪ್ರಜೆಗಳಿಂದ ಮುಚ್ಚಿಟ್ಟಿದೆಯೆಂದು ಅವಳಿಗೆ ಕೊನೆಗೆ ಗೊತ್ತಾಗುತ್ತದೆ. ದಂಗೆಯೆದ್ದು ತಲೆಕೊಟ್ಟವರ ಮಕ್ಕಳನ್ನು ಅದೇ ರಾಜ್ಯದ ಸೈನ್ಯಕ್ಕೆ ಬಲವಂತವಾಗಿ ಸೇರಿಸುವ ಸಂಗತಿಯೂ ಇದೆ. ಇತಿಹಾಸದ ಪುಸ್ತಕ ಬರೆಯುವವರು ಯಾರು ಎಂದು ಹರೆಯದ ಹುಡುಗಿಯೊಬ್ಬಳು ಕೇಳುವಂತಾದರೆ ತೋಳಿನ ವರ್ಣನೆಯನ್ನು ಸಹಿಸಿಕೊಳ್ಳಬಹುದು.

ಮಾಟಮಂತ್ರವಿಲ್ಲದ ಬರಿಯ ಪ್ರಣಯ ಕಾದಂಬರಿಗಳಲ್ಲಿ ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ (2016) ಓದಿದೆವು. ಬಾಸ್ಟನ್ ನಗರದ ಲಿಲಿಗೆ ಸ್ವಂತದ ಹೂವಿನ ಅಂಗಡಿ. ಗಂಡ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಡಾಕ್ಟರು. ಹೊಡೆಯುತ್ತಾನೆ, ಅಳುತ್ತಾನೆ, ಕ್ಷಮೆ ಕೇಳುತ್ತಾನೆ, ಮತ್ತೆ ಹೊಡೆಯುತ್ತಾನೆ. ಅವಳ ತಂದೆಯೂ ತಾಯಿಗೆ ಹೀಗೆಯೇ ಮಾಡುತ್ತಿದ್ದನು. ಲೇಖಕಿ ತನ್ನ ತಾಯಿಯ ಬದುಕನ್ನೇ ನೆನೆದು ಇದನ್ನು ಬರೆದಿದ್ದಾರೆ. ಹೊಡೆಯುವವನು ಕುಡುಕ, ದಡ್ಡ, ಬಡವ ಎಂಬ ಸಮಾಧಾನವನ್ನು ನಮ್ಮ ಮಧ್ಯಮವರ್ಗ ಕಟ್ಟಿಕೊಂಡಿದೆಯಷ್ಟೆ. ಆ ಸಮಾಧಾನವನ್ನು ಪುಸ್ತಕ ಕೆಡವುತ್ತದೆ. ಮಗಳು ಹುಟ್ಟಿದ ದಿನ ಲಿಲಿ ಗಂಡನನ್ನು ಬಿಡುವ ತೀರ್ಮಾನ ಹೇಳುವ ಭಾಗ ಇಡೀ ಕಾದಂಬರಿಯಲ್ಲಿ ನಿಜವಾದದ್ದು. ನಡುನಡುವೆ ಸಕ್ಕರೆ ಹೆಚ್ಚಾಯಿತು, ಬಾಲ್ಯದ ಗೆಳೆಯನನ್ನು ಸಮಯಕ್ಕೆ ಸರಿಯಾಗಿ ತಂದು ನಿಲ್ಲಿಸಿದ್ದೂ ಅನುಕೂಲಕ್ಕೆ ಮಾಡಿದ್ದು. ಆದರೆ ನಮ್ಮ ದೊಡ್ಡ ತಕರಾರು ಬೇರೆ. ಲಿಲಿ ಹೊರಗೆ ಬರಬಲ್ಲಳು, ಏಕೆಂದರೆ ಅಂಗಡಿ ಅವಳದು. ದೇವಸ್ಥಾನದ ಮುಂದೆ ಮೊಳಕ್ಕಿಷ್ಟೆಂದು ಹೂವು ಮಾರುವ ನಮ್ಮ ಹೆಂಗಸು ಹೊಡೆತ ತಿಂದು ಯಾರ ಮನೆಗೆ ಹೋಗಬೇಕು? ಕಾನೂನು ನಮ್ಮಲ್ಲಿಯೂ 2005ರಲ್ಲಿ ಬಂದಿದೆ. ಕಾನೂನಿನ ಜೊತೆಗೆ ಕೂಲಿಯೂ ತಲೆಯ ಮೇಲೊಂದು ಸೂರೂ ಇಲ್ಲದಿದ್ದರೆ ಆಕೆ ಮರುದಿನ ಅದೇ ಬಾಗಿಲಿಗೆ ಹಿಂತಿರುಗುತ್ತಾಳೆ.

ಈ ಪುಸ್ತಕದ ಯಶಸ್ಸನ್ನು ಹಿಂಡಿ ಇನ್ನಷ್ಟು ಹಣ ಮಾಡಲು 2023ರ ಆರಂಭದಲ್ಲಿ ಬಣ್ಣ ತುಂಬುವ ಪುಸ್ತಕವೊಂದನ್ನು ತರುವುದಾಗಿ ಘೋಷಿಸಿದ್ದರು! ಹೊಡೆತ ತಿಂದ ಹೆಣ್ಣಿನ ಕಥೆಗೆ ಬಣ್ಣದ ಪೆನ್ಸಿಲು. ಓದುಗರೇ ತಿರುಗಿಬಿದ್ದ ಮೇಲೆ ಕೈಬಿಟ್ಟರು, ಲೇಖಕಿ ಕ್ಷಮೆ ಕೇಳಿದರು. ತಿರುಗಿಬಿದ್ದವರು ಈ ಪುಸ್ತಕ ಓದುವ ಹುಡುಗಿಯರೇ ಎಂಬುದನ್ನು ಸೂಚನೆ ತಂದ ಸಂಗಾತಿಗಳು ಗಮನಿಸಬೇಕು.

ಇನ್ನು ಸುಜಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’. 2008ರಲ್ಲಿ ಬಂದದ್ದು. ಇದು ವಾಚನಾಲಯದಲ್ಲಿಲ್ಲದಿದ್ದರೆ ನಾವೇ ಕೊಂಡು ತಂದಿಡಬೇಕಾದ ಪುಸ್ತಕ. ಪನೆಮ್ ಎಂಬ ನಾಡು. ಹೆಸರು ಬಂದಿರುವುದು ರೊಟ್ಟಿ ಮತ್ತು ಮೋಜು ಕೊಟ್ಟು ಜನರನ್ನು ಆಳುವ ರೋಮನರ ಮಾತಿನಿಂದ. ರಾಜಧಾನಿಯಲ್ಲಿ ಉಣ್ಣುವವರು, ಸುತ್ತಲಿನ ಹನ್ನೆರಡು ಜಿಲ್ಲೆಗಳಲ್ಲಿ ದುಡಿಯುವವರು. ವರ್ಷಕ್ಕೊಮ್ಮೆ ಜಿಲ್ಲೆಗೊಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸಿ, ಅಂಗಣದಲ್ಲಿ ಪರಸ್ಪರ ಕೊಲ್ಲಲು ಬಿಟ್ಟು, ಅದನ್ನು ಟೆಲಿವಿಷನ್ನಿನಲ್ಲಿ ತೋರಿಸುತ್ತಾರೆ. ನಾಯಕಿ ಕ್ಯಾಟ್‌ನಿಸ್ ಕಲ್ಲಿದ್ದಲಿನ ಜಿಲ್ಲೆಯವಳು, ಹದಿನಾರು ವರ್ಷ. ತಂದೆ ಗಣಿ ಸ್ಫೋಟದಲ್ಲಿ ಸತ್ತವನು. ಚೀಟಿ ಎತ್ತುವ ಕ್ರಮವನ್ನು ನೋಡಿ. ಹಸಿದ ಮನೆಯ ಮಗು ತನ್ನ ಹೆಸರಿನ ಚೀಟಿಯನ್ನು ಒಂದು ಹೆಚ್ಚಾಗಿ ಹಾಕಿಸಿದರೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಧಾನ್ಯ, ಎಣ್ಣೆ ಸಿಗುತ್ತದೆ. ಆ ಚೀಟಿಗಳು ವರ್ಷವರ್ಷವೂ ಕೂಡುತ್ತಾ ಹೋಗುತ್ತವೆ. ಹೀಗೆ ಕ್ಯಾಟ್‌ನಿಸ್ ಹೆಸರಿನಲ್ಲಿ 20 ಚೀಟಿ, ಅವಳ ಗೆಳೆಯ ಗೇಲನ ಹೆಸರಿನಲ್ಲಿ 42. ಕಾನೂನು ಎಲ್ಲರಿಗೂ ಒಂದೇ, ಸಾಯುವ ಸಂಭವ ಮಾತ್ರ ಬಡವನಿಗೆ ಹೆಚ್ಚು. ಈ ಏರ್ಪಾಡು ಗಣಿಯವರನ್ನೂ ಅಂಗಡಿಯವರನ್ನೂ ಒಡೆದು ಆಳಲು ಮಾಡಿದ್ದೆಂದು ಗೇಲ್ ಕಿಡಿಕಾರುತ್ತಾನೆ. ವರ್ಗವೆಂದರೇನೆಂದು ತಿಳಿಸಲು ನಮ್ಮ ಶಿಬಿರಗಳಲ್ಲಿ ಎರಡು ಗಂಟೆ ಮಾತಾಡುತ್ತೇವೆ, ಹಿಂದಿನ ಬೆಂಚಿನವರು ತೂಕಡಿಸುತ್ತಾರೆ. ಇಲ್ಲಿ ಅದು ಎರಡು ಪುಟದಲ್ಲಿ ಆಗಿಹೋಯಿತು.

ಅಂಗಣದಲ್ಲಿ ಹನ್ನೊಂದನೆಯ ಜಿಲ್ಲೆಯ ರೂ ಎಂಬ ಪುಟ್ಟ ಹುಡುಗಿ ಸಾಯುತ್ತಾಳೆ. ಅದು ಬೇಸಾಯದ ಜಿಲ್ಲೆ. ತಾವು ಬೆಳೆದುದನ್ನು ತಿಂದರೆ ಛಡಿಯೇಟು ತಿನ್ನುವ ಜನ. ಅವಳ ಹೆಣವನ್ನು ಕ್ಯಾಟ್‌ನಿಸ್ ಹೂವಿನಿಂದ ಸಿಂಗರಿಸಿದ್ದನ್ನು ಕಂಡು ಆ ಜನ ಅವಳಿಗೊಂದು ರೊಟ್ಟಿ ಕಳುಹಿಸುತ್ತಾರೆ. ಈ ರೊಟ್ಟಿಗೆ ಕಾಸು ಕೂಡಿಸಲು ಎಷ್ಟು ಮಂದಿ ಒಂದು ಹೊತ್ತು ಬಿಟ್ಟರೋ ಎಂದು ಅವಳು ಲೆಕ್ಕ ಹಾಕುತ್ತಾಳೆ. ಫೇರಾ ಬಿಚ್ಚಿಕೊಟ್ಟ ಒಡವೆಯನ್ನೂ ಈ ರೊಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಮೇಲಿನಿಂದ ಬಿದ್ದದ್ದು, ಇನ್ನೊಂದು ಕೆಳಗಿನಿಂದ ಕೂಡಿಬಂದದ್ದು.

ಮೂರನೆಯ ಭಾಗ ‘ಮಾಕಿಂಗ್‌ಜೇ’ (2010) ನಮ್ಮಂಥವರಿಗೇ ಬರೆದಂತಿದೆ. ದಂಗೆ ಗೆಲ್ಲುತ್ತದೆ. ದಂಗೆಯ ನಾಯಕಿ ಕಾಯಿನ್, ರಾಜಧಾನಿಯವರ ಮಕ್ಕಳನ್ನು ಹಿಡಿದು ಒಮ್ಮೆ ಅದೇ ಆಟವಾಡಿಸೋಣ ಎನ್ನುತ್ತಾಳೆ. ಕ್ಯಾಟ್‌ನಿಸ್‌ಳ ಬಾಣ ಹಳೆಯ ಸರ್ವಾಧಿಕಾರಿಯ ಬದಲು ಇವಳಿಗೆ ತಗಲುತ್ತದೆ. ಕಥೆಯ ಕೊನೆ ಹೇಳಿಬಿಟ್ಟೆವೆಂದು ಹುಡುಗಿಯರು ಬೈಯಬಹುದು, ಬೈಯಲಿ. ಕುರ್ಚಿ ಹಿಡಿಯುವುದೇ ಕ್ರಾಂತಿಯೆಂದು ನಂಬಿ, ಹಿಡಿದ ಮೇಲೆ ಹಳಬರ ಲಾಠಿಯನ್ನೇ ತಾವು ಬೀಸಿದವರನ್ನು ನಮ್ಮ ಚಳುವಳಿಯ ಓದುಗರು ಬಲ್ಲರು. ಇಬ್ಬರು ಹುಡುಗರ ನಡುವೆ ನಾಯಕಿಯ ಮನಸ್ಸು ತೂಗುವ ಭಾಗ ಮಾತ್ರ ಬಲು ಎಳೆದಿದೆ. ಬಂಡವಾಳಶಾಹಿಯ ಜೀರ್ಣಶಕ್ತಿಯನ್ನೂ ಮೆಚ್ಚಲೇಬೇಕು: 2013ರಲ್ಲಿ ಇದರ ಎರಡನೆಯ ಚಲನಚಿತ್ರ ಬಂದಾಗ, ಕಥೆ ಯಾವ ರಾಜಧಾನಿಯ ಢಂಭವನ್ನು ಹೀಯಾಳಿಸುತ್ತದೆಯೋ ಅದೇ ರಾಜಧಾನಿಯ ಹೆಸರಿನಲ್ಲಿ ಮುಖಕ್ಕೆ ಬಳಿಯುವ ಬಣ್ಣಗಳನ್ನು ಮಾರಿದರು.

ಈಗ ಸೂಚನೆಯ ಮಾತು. ಅಮೆರಿಕದ ಯೂಟಾ ರಾಜ್ಯದಲ್ಲಿ 2024ರಲ್ಲಿ ಸರ್ಕಾರಿ ಶಾಲೆಗಳೆಲ್ಲದರಿಂದ 13 ಪುಸ್ತಕಗಳನ್ನು ಹೊರಹಾಕಿದರು. ಅವುಗಳಲ್ಲಿ ಆರು ಈ ಸಾರಾ ಮಾಸ್ ಅವರವು. ಕೆಲವೇ ಜಿಲ್ಲೆಗಳವರು ಅಶ್ಲೀಲವೆಂದರೆ ಸಾಕು, ಇಡೀ ರಾಜ್ಯದ ಶಾಲೆಗಳಿಂದ ಪುಸ್ತಕ ಮಾಯವಾಗಬೇಕೆಂಬುದು ಅಲ್ಲಿಯ ಹೊಸ ಕಾನೂನು. ಮಾಸ್ ಅವರ ಪುಸ್ತಕಗಳಲ್ಲಿ ಶಯ್ಯಾಗೃಹದ ಪುಟಗಳಿರುವುದು ನಿಜ. ಮೊದಲು ಹರೆಯದವರ ಪುಸ್ತಕವೆಂದು ಮಾರಿ, ಆಮೇಲೆ ದೊಡ್ಡವರ ಕಪಾಟಿಗೆ ಸರಿಸಿದ್ದು ಪ್ರಕಾಶಕರ ಚಾಲಾಕಿ. ಎಂಟನೆಯ ತರಗತಿಯ ಮಗುವಿನ ಕೈಗೆ ನಾವೂ ಕೊಡುವುದಿಲ್ಲ. ಆದರೆ ಮತ ಹಾಕುವ ವಯಸ್ಸಿನ ಹೆಣ್ಣಿಗೆ ಏನು ಓದಬೇಕೆಂದು ಹೇಳಲು ನಾವು ಯಾರು? ಅಲ್ಲಿಯ ಸಂಪ್ರದಾಯವಾದಿಗಳೂ ಇಲ್ಲಿಯ ಸಮಾಜವಾದಿಗಳೂ ಒಂದೇ ಪುಸ್ತಕವನ್ನು ಒಂದೇ ಬಾಗಿಲಿನಿಂದ ಹೊರದೂಡುವುದಾದರೆ ನಮ್ಮ ಬೋರ್ಡನ್ನು ಕೆಳಗಿಳಿಸುವುದು ಲೇಸು. ಸಮಿತಿಯಲ್ಲಿ ನಮ್ಮ ಮತ ಸೂಚನೆಗೆ ವಿರುದ್ಧವಾಗಿ ಬೀಳುತ್ತದೆ.

ಒಂದು ಆಕ್ಷೇಪಕ್ಕೆ ಮಾತ್ರ ನಾವು ತಲೆಬಾಗುತ್ತೇವೆ. ಇವೆಲ್ಲ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಬಲ್ಲವಳಿಗೆ ಡ್ರ್ಯಾಗನ್, ಬಾರದವಳಿಗೆ ಮೊಬೈಲಿನ ಅರ್ಧ ನಿಮಿಷದ ಚಿತ್ರ ಎಂಬಂತಾಗಿದೆ. ‘ಚಂದಮಾಮ’ ನಿಂತುಹೋದ ಮೇಲೆ ಹದಿನಾರರ ವಯಸ್ಸಿನವರಿಗೆ ಹಂಬಲ ಹುಟ್ಟಿಸುವ ಅದ್ಭುತ ಕಥೆಗಳು ಕನ್ನಡದಲ್ಲಿ ಬಲು ವಿರಳ. ಕನ್ನಡಕ್ಕೆ ಕಲ್ಪನೆಯ ಬಡತನವೆಂದಲ್ಲ. ಎ. ಕೆ. ರಾಮಾನುಜನ್ ಅವರು ಕನ್ನಡ ಹೆಂಗಸರ ಬಾಯಿಂದ ಕೇಳಿ ಸಂಗ್ರಹಿಸಿದ ಒಂದು ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಚಿತ್ರ ಮಾಡಿದರು. ಕೂಲಿ ಮಾಡಿ ಬಳಲುವ ತಾಯಿಗೆ ನೆರವಾಗಲೆಂದು ಕಿರಿಯ ಮಗಳು ಹೂಮರವಾಗುತ್ತಾಳೆ. ಅಕ್ಕ ಹೂ ಬಿಡಿಸಿಕೊಂಡ ಮೇಲೆ ಮತ್ತೆ ಹುಡುಗಿಯಾಗುತ್ತಾಳೆ. ಹೂವು ಅರಮನೆಗೆ ಮಾರಾಟವಾಗುತ್ತದೆ. ರಾಜಕುಮಾರ ಗುಟ್ಟು ತಿಳಿದು ಮದುವೆಯಾಗುತ್ತಾನೆ. ಆಮೇಲೆ ಅವನ ಸಂತೋಷಕ್ಕಾಗಿ ಅವಳು ಮರವಾಗಬೇಕು. ನಾದಿನಿಯೂ ಗೆಳತಿಯರೂ ತೋಟಕ್ಕೆ ಕರೆದೊಯ್ದು ಕೊಂಬೆ ಮುರಿದು ಹಾಗೆಯೇ ಬಿಟ್ಟು ಬರುತ್ತಾರೆ. ಕೈಕಾಲಿಲ್ಲದ ಮೈಯಾಗಿ ಅವಳು ಉಳಿಯುತ್ತಾಳೆ. ರಾಜಕುಮಾರನ ಪ್ರೀತಿಯೆಂದರೇನು, ಅರಮನೆಯ ಸೊಸೆಯಾಗುವುದೆಂದರೇನು ಎಂಬುದು ಆ ಕಥೆ ಹೇಳಿದ ಹೆಂಗಸರಿಗೆ ಗೊತ್ತಿತ್ತು. ಮಾಸ್ ಅವರ ಅಷ್ಟೊಂದು ಪುಟಗಳಲ್ಲಿ ಇಂಥದೊಂದು ಗಳಿಗೆ ನಮಗೆ ಸಿಗಲಿಲ್ಲ.

ವಾಚನಾಲಯಕ್ಕೆ ಬರುವ ಹುಡುಗಿಯರಲ್ಲಿ ಇಬ್ಬರು ಬೇಸಿಗೆ ರಜೆಗೆ ಊರಿಗೆ ಹೋದಾಗ ತಮ್ಮ ಅಜ್ಜಿಯರಿಂದ ಇಂಥ ಕಥೆಗಳನ್ನು ಕೇಳಿ ಬರೆದು ತರುತ್ತೇವೆಂದು ಒಪ್ಪಿದ್ದಾರೆ. ಆಡುಮಾತಿನಲ್ಲೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ ಎಂದು ಹೇಳಿದ್ದೇವೆ. ಬಂದ ಕಥೆಗಳಿಗೆ ಮೂರನೆಯ ಪುಟದಲ್ಲಿ ಎರಡು ಕಾಲಂ ಬಿಡಲು ಸಂಪಾದಕರು ಅರೆಮನಸ್ಸಿನಿಂದ ಒಪ್ಪಿದ್ದಾರೆ.